ರೆಕ್ಕೆಯ ಹಿಂದೆ ಕಂಡ ಎಳೆ

ಬೆಳಿಗ್ಗೆ ಅಕ್ಕನ ಮಗ ಫೋನು ಮಾಡಿದಾಗ ನನ್ನ ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ. ಅವನು ಎಂದೂ ನೇರವಾಗಿ ವಿಷಯಕ್ಕೆ ಬರುವವನಲ್ಲ. ನನ್ನ ಮಂಡಿನೋವು ವಿಚಾರಿಸಿದ, ಊಟ ತಿಂಡಿ ವಿಚಾರಿಸಿದ, ನಮ್ಮ ಕಡೆ ಬಿಸಿಲು ಹೇಗಿದೆ ಎಂದು ಕೇಳಿದ. ಕೊನೆಗೆ, ಬರಬೇಕಾದವರು ಇವತ್ತೇ ಬಂದರೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದಾರೆಂದು ತಿಳಿಸಿ, ಫೋನನ್ನು ಅಕ್ಕನ ಕಿವಿಗೆ ಹಿಡಿದ.

ಅಕ್ಕನ ದನಿ ಒಣಗಿದ ಕಾಗದದ ಹಾಗಿತ್ತು. ಆದರೂ ಕುಚೋದ್ಯ ಬಿಟ್ಟಿರಲಿಲ್ಲ.

"ಓಡಿ ಬರ್ಬೇಡ ಕಣೋ. ನೀನು ಬೇಗ ಬಂದ್ಬಿಟ್ರೆ ನಾನು ಬೇಗ ಹೊರಡ್ಬೇಕಾಗುತ್ತೆ."

ನಗಲು ಹೋಗಿ ಕೆಮ್ಮಿದಳು. ಆಮೇಲೆ ಅವಳ ಮಗ ಫೋನನ್ನು ತೆಗೆದುಕೊಂಡ.

ನಮ್ಮ ಅಮ್ಮ ತೀರಿಕೊಂಡಾಗ ನನಗೆ ಹಾಲುಹಲ್ಲು ಬೀಳುವ ವಯಸ್ಸು. ಅಕ್ಕನಿಗೂ ಇನ್ನೂ ಎರಡು ಜಡೆಯ ವಯಸ್ಸೇ. ಅಂದಿನಿಂದ ನನಗೆ ಉಣ್ಣಿಸಿದವಳು, ಹೊಡೆದವಳು, ಜ್ವರ ಬಂದರೆ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟವಳು ಅವಳೇ. ಅಮ್ಮ ಎಂದರೆ ನನಗೆ ಮುಖ ನೆನಪಾಗುವುದಿಲ್ಲ. ಅಕ್ಕನ ಒರಟು ಅಂಗೈ ನೆನಪಾಗುತ್ತದೆ. ನಾನು ಮೊಮ್ಮಕ್ಕಳನ್ನು ಕಂಡ ಮೇಲೂ ಅವಳ ಎದುರು ಕಾಲ ಮೇಲೆ ಕಾಲು ಹಾಕಿ ಕೂತವನಲ್ಲ. ಆ ಕೈಯನ್ನು ಒಮ್ಮೆ ಹಿಡಿದುಕೊಳ್ಳಬೇಕು, ಅಷ್ಟೇ ನನಗೆ ಬೇಕಾಗಿದ್ದುದು. ಹೆಚ್ಚಿನದನ್ನು ದೇವರ ಹತ್ತಿರ ಕೇಳಲಿಲ್ಲ.

ಅಕ್ಕ ಇದ್ದ ಊರು ರೈಲಿನಲ್ಲಿ ಹೋದರೆ ಹಗಲೂ ರಾತ್ರಿ ಹಿಡಿಯುವಷ್ಟು ದೂರ. ಆದರೆ ನನ್ನ ಮಗಳು ವಿಮಾನದ ಕ್ಯಾಪ್ಟನ್. ಆ ದಿನ ಮಧ್ಯಾಹ್ನ ಅದೇ ಊರಿಗೆ ವಿಮಾನ ಒಯ್ಯುವ ಸರದಿ ಅವಳದೇ ಆಗಿತ್ತು. ವಿಮಾನ ಕಂಪನಿಯ ನೌಕರರ ಮನೆಯವರಿಗೆ ಒಂದು ಅನುಕೂಲವಿದೆ. ಎಲ್ಲರೂ ಹತ್ತಿದ ಮೇಲೆ ಸೀಟು ಉಳಿದರೆ ನಮಗೆ ಕೊಡುತ್ತಾರೆ, ಇಲ್ಲದಿದ್ದರೆ ಮನೆಗೆ ಹಿಂದಿರುಗಬೇಕು. ನಾನು ಕೌಂಟರಿನ ಮುಂದೆ ನಿಂತು, ಯಾರಾದರೂ ಒಬ್ಬರು ತಡವಾಗಿ ಬರಲಿ ಎಂದು ಬೇಡಿಕೊಂಡೆ. ಹಾಗೆ ಬೇಡಿಕೊಂಡದ್ದಕ್ಕೆ ಮರುಕ್ಷಣವೇ ಕ್ಷಮೆಯನ್ನೂ ಕೇಳಿದೆ. ಸೀಟು ಸಿಕ್ಕಿತು, ಎಡಗಡೆ, ಕಿಟಕಿಯ ಪಕ್ಕ, ರೆಕ್ಕೆಯ ಸ್ವಲ್ಪ ಹಿಂದೆ.

ಮಗಳು ಸಮವಸ್ತ್ರದಲ್ಲಿ ಬಾಗಿಲ ಹತ್ತಿರ ನಿಂತಿದ್ದಳು. ನನ್ನ ಅಂಗಿಯ ಕಾಲರು ಸರಿಮಾಡಿ, ಮಾತ್ರೆ ತಂದಿದ್ದೀರಾ ಎಂದು ಕೇಳಿದಳು. ತಂದಿದ್ದೇನೆ ಎಂದೆ.

"ಕತ್ತಲಾಗೋದ್ರೊಳಗೆ ಅತ್ತೆ ಕೈ ಹಿಡ್ಕೊಂಡು ಕೂತಿರ್ತೀರಿ. ಅದು ನನ್ನ ಜವಾಬ್ದಾರಿ," ಎಂದಳು.

ನನ್ನ ಪಕ್ಕದ ಸೀಟಿನಲ್ಲಿ ಕೂತವನು ನೆಲಕ್ಕೆ ಹಾಕುವ ಟೈಲ್ಸಿನ ವ್ಯಾಪಾರಿ. ದಪ್ಪನೆಯ ಮನುಷ್ಯ. ಬೆಲ್ಟು ಕಟ್ಟುವ ಮೊದಲೇ ತನ್ನ ಕಥೆಯೆಲ್ಲ ಹೇಳಿ ಮುಗಿಸಿದ. ಸಂಜೆ ಒಬ್ಬ ದೊಡ್ಡ ಗಿರಾಕಿ ಸಿಗುವವನಿದ್ದಾನಂತೆ, ಆಸ್ಪತ್ರೆಯೊಂದರ ನೆಲಕ್ಕೆಲ್ಲ ಇವನದೇ ಮಾಲು ಹೋಗುವುದಿದೆಯಂತೆ. "ವಿಮಾನದ ನೆಲಕ್ಕೆ ಮಾತ್ರ ಹಾಕೋಕೆ ಬಿಡಲ್ಲ ಸಾರ್, ಭಾರ ಆಗುತ್ತಂತೆ," ಎಂದು ತಾನೇ ನಕ್ಕು, ನಗು ಮುಗಿಯುವ ಮೊದಲೇ ಗೊರಕೆ ಹೊಡೆಯತೊಡಗಿದ. ನನಗೆ ಅವನ ಮೇಲೆ ಅಸೂಯೆಯಾಯಿತು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಾಲು ಚಾಚಿದರೆ ಮುಂದಿನ ಸೀಟು, ಮಡಿಸಿದರೆ ಮಂಡಿ ಹಿಡಿಯುತ್ತದೆ. ದೇವರ ನಾಮ ಹೇಳಿಕೊಳ್ಳಲು ಹೊರಟರೆ ನಡುವೆ ಅಕ್ಕನ ಉಸಿರು ನೆನಪಾಗುತ್ತದೆ. ಎಲ್ಲಿಗೆ ನಿಲ್ಲಿಸಿದ್ದೆ ಎಂಬುದು ಮರೆತು ಮತ್ತೆ ಮೊದಲಿನಿಂದ ಶುರು. ಕಿಟಕಿಯ ಹೊರಗೆ ಬಿಸಿಲು ರೆಕ್ಕೆಯ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಆಗ ರೆಕ್ಕೆಯ ಹಿಂಭಾಗದ ಅಂಚಿನಲ್ಲಿ ಬಿಳಿಯ ಎಳೆಯೊಂದು ಬಿಚ್ಚಿಕೊಂಡಂತೆ ಕಂಡಿತು. ನೂಲಿನಷ್ಟು ಸಣ್ಣ. ಕಣ್ಣು ಮಿಟುಕಿಸಿದೆ. ಇರಲಿಲ್ಲ. ಮತ್ತೆ ನೋಡಿದಾಗ ಇತ್ತು, ಅಥವಾ ಇದ್ದಂತೆ ಇತ್ತು. ನನ್ನ ಎರಡು ಕಣ್ಣಿಗೂ ಪೊರೆ ತೆಗೆಸಿಯಾಗಿದೆ. ಬೆಳಕಿನ ಎದುರು ಅವು ಇಲ್ಲದ್ದನ್ನೂ ತೋರಿಸುವುದುಂಟು. ಹಾಗಾಗಿ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಅದೇ ಹೊತ್ತಿನಲ್ಲಿ ಮುಂದೆ ಪೈಲಟ್ ಕೋಣೆಯ ಬಾಗಿಲಿನ ಆಚೆ ಏನು ನಡೆದಿತ್ತೆಂಬುದನ್ನು ಮಗಳು ಆಮೇಲೆ ಹೇಳಿದಳು.

ಅವಳ ಜೊತೆಯ ಪೈಲಟ್ ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವನು. ಬೇರೆ ಉದ್ಯೋಗ ಬಿಟ್ಟು ತಡವಾಗಿ ಈ ಕೆಲಸಕ್ಕೆ ಬಂದವನು. ಎಲ್ಲರ ಮಾತನ್ನೂ ತಿದ್ದುವ ಚಾಳಿ ಇದ್ದುದರಿಂದ ಅವನಿಗೆ ಮೇಷ್ಟ್ರು ಎಂದು ಹೆಸರು ಬಿದ್ದಿತ್ತು. ದಾರಿಯಲ್ಲಿ ಗೊತ್ತಾದ ಜಾಗಗಳನ್ನು ದಾಟುವಾಗಲೆಲ್ಲ ಇಂಧನ ಎಷ್ಟು ಉಳಿದಿದೆ, ಎಷ್ಟು ಉಳಿದಿರಬೇಕಿತ್ತು ಎಂದು ತಾಳೆ ನೋಡುವುದು ಅವರ ಪದ್ಧತಿ. ಅರ್ಧ ದಾರಿ ಕಳೆದ ಮೇಲೆ ಎಡ ರೆಕ್ಕೆಯ ಟ್ಯಾಂಕು ಬಲಗಡೆಯದಕ್ಕಿಂತ ಹಗುರವಾಗಿದೆ ಎಂದು ದೀಪ ಹತ್ತಿತು.

ಅದೇನೂ ದೊಡ್ಡ ವಿಷಯವಲ್ಲವಂತೆ. ಒಂದು ಎಂಜಿನ್ ಸ್ವಲ್ಪ ಹೆಚ್ಚು ಕುಡಿದರೆ ಹಾಗಾಗುತ್ತದೆ. ಎರಡು ಕಡೆಯನ್ನೂ ಜೋಡಿಸುವ ಒಂದು ಕವಾಟವಿದೆ. ಅದನ್ನು ತೆರೆದು, ಎರಡು ಎಂಜಿನ್ನುಗಳೂ ಸ್ವಲ್ಪ ಹೊತ್ತು ತುಂಬಿದ ಕಡೆಯಿಂದಲೇ ಕುಡಿಯುವಂತೆ ಮಾಡಿದರೆ ಸಮವಾಗುತ್ತದೆ. ವರ್ಷಗಟ್ಟಲೆ ಮಾಡಿ ರೂಢಿಯಾದ ಕೆಲಸ. ಇಬ್ಬರ ಕೈಯೂ ಒಟ್ಟಿಗೆ ಆ ಗುಂಡಿಯ ಕಡೆ ಹೋಯಿತಂತೆ, ಬೆರಳು ತಾಗುವಷ್ಟು. ಇಬ್ಬರೂ ಒಟ್ಟಿಗೆ ಕೈ ಹಿಂದೆಗೆದುಕೊಂಡರಂತೆ.

"ಯಾಕೆ?" ಎಂದು ನಾನು ಕೇಳಿದ್ದಕ್ಕೆ ಮಗಳು ವಿವರಿಸಿದಳು. ಎಂಜಿನ್ ಹೆಚ್ಚು ಕುಡಿದದ್ದಾದರೆ ಸರಿ. ಆದರೆ ಇಂಧನ ಸೋರಿ ಹೋಗುತ್ತಿದ್ದರೆ, ಆ ಕವಾಟ ತೆರೆದೊಡನೆ ಒಳ್ಳೆಯ ಕಡೆಯದ್ದೂ ತೂತಿರುವ ಕಡೆಗೆ ಹೋಗಿ ಆಚೆ ಚೆಲ್ಲಬಹುದು. ಮೊದಲು ಒಂದು ರೆಕ್ಕೆ ಬರಿದಾಗುವುದಿತ್ತು, ಈಗ ಎರಡೂ. ಕೈಗೆ ರೂಢಿಯಾದದ್ದನ್ನು ಮನಸ್ಸು ತಡೆಯಬೇಕಾದ ಜಾಗ ಅದು ಎಂದಳು.

ಆದ್ದರಿಂದ ಲೆಕ್ಕ ಹಾಕಿದರು. ಹೊರಟಾಗ ಇದ್ದದ್ದರಲ್ಲಿ ಎಂಜಿನ್ನುಗಳು ಕುಡಿದದ್ದನ್ನು ಕಳೆದರೆ ಉಳಿದದ್ದು ಬರಬೇಕು. ಬರಲಿಲ್ಲ, ಕಡಿಮೆಯಿತ್ತು. ಆದರೆ ಸೋರಿಕೆಯೇ ಎಂದು ಎದೆ ತಟ್ಟಿ ಹೇಳುವಷ್ಟು ಕಡಿಮೆಯಲ್ಲ, ಅಳತೆಯ ಯಂತ್ರ ಸುಳ್ಳು ಹೇಳುತ್ತಿದೆ ಎಂದು ತಳ್ಳಿಹಾಕುವಷ್ಟು ಸಣ್ಣದೂ ಅಲ್ಲ. ಮತ್ತೆ ಹಾಕಿದರು. ಸ್ವಲ್ಪ ಬೆಳೆದಿತ್ತು. ಮೂರನೆಯ ಸಲ ಹಾಕಿದಾಗ ಬೆಳೆದಿರಲಿಲ್ಲ.

"ಇದೇನು, ನಮ್ಮ ಜೊತೆ ಕಣ್ಣಾಮುಚ್ಚಾಲೆ ಆಡ್ತಿದೆಯಾ?" ಎಂದನಂತೆ ಮೇಷ್ಟ್ರು.

ಅಕ್ಕನ ಊರಿಗೆ ಹೋಗಬೇಕಾದರೆ ನಡುವೆ ಇಳಿಯಲು ಜಾಗವಿಲ್ಲದ ದೊಡ್ಡ ನೀರಿನ ಹರವೊಂದನ್ನು ದಾಟಬೇಕು. ಅದರ ಈಚೆ ದಡಕ್ಕೆ ಹತ್ತಿರದಲ್ಲಿ ಒಂದು ಸಣ್ಣ ಊರಿನ ನಿಲ್ದಾಣವಿದೆ. ಅದನ್ನು ದಾಟಿ ಮುಂದೆ ಹೋದ ಮೇಲೆ ಸೋರಿಕೆಯೆಂದು ಖಚಿತವಾದರೆ ಕೈ ಕೈ ಹಿಸುಕಿಕೊಳ್ಳಬೇಕಾಗುತ್ತದೆ. ಇನ್ನು ಸ್ವಲ್ಪ ಹೊತ್ತಿನಲ್ಲೇ ತೀರ್ಮಾನಿಸಬೇಕು. ರೆಕ್ಕೆಯನ್ನು ಕಣ್ಣಾರೆ ನೋಡಿಬನ್ನಿ ಎಂದು ಮಗಳು ಮೇಷ್ಟ್ರನ್ನು ಕಳುಹಿಸಿದಳು.

ಅವನು ಬರುವುದನ್ನು ನಾನು ನೋಡಿದೆ. ಶೌಚಾಲಯಕ್ಕೆ ಹೊರಟವನ ಹಾಗೆ ನಿಧಾನವಾಗಿ ನಡೆದು, ಒಂದೆರಡು ಮಕ್ಕಳಿಗೆ ನಗೆ ತೋರಿಸಿ, ನಮ್ಮ ಸಾಲಿನ ಹತ್ತಿರ ನಿಂತ. ಕ್ಷಮೆ ಕೇಳಿ, ಗೊರಕೆ ಹೊಡೆಯುತ್ತಿದ್ದ ವ್ಯಾಪಾರಿಯ ಮೇಲಿನಿಂದ ಬಗ್ಗಿ ಕಿಟಕಿಯಾಚೆ ನೋಡಿದ. ಬಿಸಿಲು ನೇರವಾಗಿ ಅವನ ಮುಖಕ್ಕೆ ಹೊಡೆಯಿತು. ಅಂಗೈ ಮರೆ ಮಾಡಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಹವಾಮಾನ ಕೇಳುವವನ ದನಿಯಲ್ಲಿ ನನ್ನನ್ನು ಕೇಳಿದ.

"ಯಜಮಾನ್ರೇ, ಹೊತ್ತು ಹೋಗೋಕೆ ಹೊರಗೆ ನೋಡ್ತಾ ಇದ್ರೇನೋ. ಆ ರೆಕ್ಕೆ ಹಿಂದೆ ಬೆಳ್ಳಗೆ, ಹಬೆ ತರಹ, ಏನಾದ್ರೂ ಕಂಡಿತ್ತಾ?"

ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಆದರೆ ಪೈಲಟ್ ಮಗಳನ್ನು ಸಾಕಿದವನಿಗೆ ಆ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ ಎಂಬುದು ತಿಳಿಯದೆ ಇರುತ್ತದೆಯೇ. ಕಂಡಿತು ಎಂದರೆ ಏನಾಗಬಹುದು ಎಂಬುದೂ ಅರೆಬರೆ ಹೊಳೆಯಿತು.

ನಾನು ದುಡಿದದ್ದೆಲ್ಲ ನ್ಯಾಯಾಲಯದಲ್ಲಿ. ಸಾಕ್ಷಿಗಳಿಗೆ ಪ್ರಮಾಣವಚನ ಹೇಳಿಕೊಡುವುದು ನನ್ನ ಕೆಲಸವಾಗಿತ್ತು. ದೇವರ ಮೇಲೆ ಆಣೆಯಿಟ್ಟು ಕಟಕಟೆ ಹತ್ತಿದವರು ಸುಳ್ಳು ಹೇಳುವುದು ಕಡಿಮೆ. ತಮಗೆ ಬೇಕಾದ ಕಡೆಗೆ ನಿಜವನ್ನು ಒಂದು ಕೂದಲೆಳೆಯಷ್ಟು ವಾಲಿಸುತ್ತಾರೆ, ಅಷ್ಟೇ. "ಸರಿಯಾಗಿ ಕಾಣಿಸಲಿಲ್ಲ ಸ್ವಾಮಿ" ಎನ್ನುತ್ತಾರೆ. ಆ ಮಾತು ನನ್ನ ನಾಲಿಗೆಯ ತುದಿಗೆ ಬಂದು ಕೂತಿತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸರಿಯಾಗಿ ಕಾಣಿಸಿರಲಿಲ್ಲ ಎಂಬುದು ನಿಜವೇ. ನನಗೆ ವಯಸ್ಸಾಗಿದೆ, ಕಣ್ಣು ಪೊರೆ ತೆಗೆಸಿದ ಕಣ್ಣು, ಎದುರು ಬಿಸಿಲು. ಯಾರೂ ನನ್ನನ್ನು ದೂರುವಂತಿಲ್ಲ. ಆ ನೀರಿನ ಆಚೆ ಅಕ್ಕ ಉಸಿರು ಹಿಡಿದು ಮಲಗಿದ್ದಾಳೆ.

ಪಕ್ಕದ ಸಾಲಿನಲ್ಲಿ ಒಂದು ಮಗು ಕುರುಕಲು ತಿನ್ನುತ್ತಿತ್ತು. ಕರುಂ ಕುರುಂ ಸದ್ದು ನನ್ನ ತಲೆಯೊಳಗೇ ಆಗುತ್ತಿದ್ದಂತಿತ್ತು.

"ಒಂದು ಬಿಳಿ ಎಳೆ ಕಂಡಂತಾಯಿತು," ಎಂದೆ. "ಅಂಚಿನಿಂದ ಹೊರಟು ಹಿಂದಕ್ಕೆ. ಎರಡು ಸಲ. ನನ್ನ ಕಣ್ಣು ಅಷ್ಟು ನಂಬುವ ಹಾಗಿಲ್ಲ. ಆದರೆ ಇಲ್ಲ ಅಂತ ಹೇಳಲಾರೆ."

ಎಂಜಿನ್ನಿನ ಹಿಂದೆಯೋ, ರೆಕ್ಕೆಯ ಹಿಂದೆಯೋ ಎಂದು ಕೇಳಿದ. ರೆಕ್ಕೆಯ ಹಿಂದೆ ಎಂದೆ. ಬಗ್ಗಿ ಇನ್ನೊಮ್ಮೆ ನೋಡಿದ, ತಲೆಯಾಡಿಸಿ ಹೊರಟುಹೋದ. ಈ ಸಲ ಮಕ್ಕಳಿಗೆ ನಗೆ ತೋರಿಸಲಿಲ್ಲ.

ಆಮೇಲೆ ನಾನು ಆ ರೆಕ್ಕೆಯಿಂದ ಕಣ್ಣು ತೆಗೆಯಲಿಲ್ಲ. ಎಳೆ ಮತ್ತೆ ಕಾಣಲೆಂದು ಒಂದು ಕ್ಷಣ, ಕಾಣದಿರಲೆಂದು ಇನ್ನೊಂದು ಕ್ಷಣ. ಕಾಣಲಿಲ್ಲ. ಎದ್ದು ಹೋಗಿ, ತಪ್ಪಿ ಹೇಳಿದೆ ಎನ್ನಲೇ ಎಂದು ಬೆಲ್ಟಿನ ಮೇಲೆ ಕೈಯಿಟ್ಟೆ. ಅಷ್ಟರಲ್ಲಿ ರೆಕ್ಕೆ ಮೆಲ್ಲಗೆ ಕೆಳಗೆ ವಾಲಿತು. ನನ್ನ ತೊಡೆಯ ಮೇಲಿದ್ದ ಬಿಸಿಲು ಜಾರಿ ವ್ಯಾಪಾರಿಯ ಹೊಟ್ಟೆಯ ಮೇಲೆ ಹೋಯಿತು, ಅಲ್ಲಿಂದ ಓಣಿ ದಾಟಿ ಆಚೆ ಕಡೆಯ ಕಿಟಕಿಗಳಲ್ಲಿ ನಿಂತಿತು. ಯಾರೂ ಏನೂ ಹೇಳುವ ಮೊದಲೇ ನನಗೆ ತಿಳಿಯಿತು. ನಾವು ಅಕ್ಕನ ಕಡೆಗೆ ಹೋಗುತ್ತಿರಲಿಲ್ಲ.

ಮಗಳ ದನಿ ಕೇಳಿಸಿತು. ಮನೆಯಲ್ಲಿ ಹಾಲಿನವನ ಲೆಕ್ಕ ಹೇಳುವ ದನಿಯೇ. ಇಂಧನದ ಅಳತೆಯಲ್ಲಿ ಒಂದು ಅನುಮಾನ ಬಂದಿದೆ, ಮುನ್ನೆಚ್ಚರಿಕೆಗಾಗಿ ಹತ್ತಿರದ ನಿಲ್ದಾಣದಲ್ಲಿ ಇಳಿಯುತ್ತೇವೆ, ವಿಮಾನ ಪೂರ್ತಿ ನಮ್ಮ ಹಿಡಿತದಲ್ಲಿದೆ ಎಂದಳು. ವ್ಯಾಪಾರಿ ಎಚ್ಚೆತ್ತು ಏನಂತೆ ಎಂದು ನನ್ನನ್ನು ಕೇಳಿದ. ಹೇಳಿದೆ. ಅವನ ಮುಖದ ಬಣ್ಣ ಇಳಿಯಿತು. ತನ್ನ ಹೆಂಡತಿ ವಿಮಾನ ಬೇಡ ಅಂದಿದ್ದಳೆಂದು ಹೇಳಿ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಇಳಿಯುವ ತನಕ ಬಿಡಲಿಲ್ಲ. ನಾನು ಹಿಡಿಯಬೇಕೆಂದು ಹೊರಟಿದ್ದ ಕೈಯೇ ಬೇರೆ.

ರನ್‌ವೇಯ ಎರಡು ಕಡೆಯೂ ಬೆಂಕಿ ಆರಿಸುವ ಗಾಡಿಗಳು ನಿಂತಿದ್ದವು. ಇಳಿದ ಮೇಲೆ ಎಂಜಿನ್ನುಗಳು ಭೋರ್ಗರೆಯಲಿಲ್ಲ. ಚೆಲ್ಲಿದ ಇಂಧನ ಬಿಸಿಯ ಮೇಲೆ ಬಿದ್ದೀತೆಂದು, ವೇಗ ತಗ್ಗಿಸಲು ಎಂಜಿನ್ನುಗಳ ಹಿಮ್ಮುಖ ಒತ್ತಡವನ್ನು ಬಳಸಲಿಲ್ಲವಂತೆ. ವಿಮಾನ ರನ್‌ವೇಯ ಕೊನೆಯವರೆಗೂ ಉರುಳಿ ನಿಂತಿತು. ಗಾಡಿಗಳು ಸುತ್ತುವರಿದವು. ಜನ ಚಪ್ಪಾಳೆ ತಟ್ಟಿದರು.

ನಮ್ಮನ್ನು ಉದ್ದನೆಯ ಒಂದು ಹಜಾರದಲ್ಲಿ ಕೂರಿಸಿದರು. ಸಾಲು ಸಾಲು ಕಬ್ಬಿಣದ ಕುರ್ಚಿ, ಮುಚ್ಚಿದ ಒಂದು ಅಂಗಡಿ, ಗೋಡೆಯ ಮೇಲೆ ಕೆಟ್ಟು ನಿಂತ ಟಿ.ವಿ. ಗಾಜಿನಾಚೆ ನಮ್ಮ ವಿಮಾನ, ಅದರ ಎಡ ರೆಕ್ಕೆಯ ಕೆಳಗೆ ಟಾರ್ಚು ಹಿಡಿದ ಎಂಜಿನಿಯರುಗಳು. ನಾನು ಗಾಜಿಗೆ ಹಣೆ ಹಚ್ಚಿ ನಿಂತೆ. ಅವರು ರೆಕ್ಕೆಯ ತಳವನ್ನು ಕೈಯಿಂದ ಸವರಿ, ಬೆರಳು ಮೂಸಿ ನೋಡಿದರು. ಏಣಿ ತರಿಸಿದರು. ದೇವರೇ, ಸೋರಿರಲಿ, ಎಂದು ನನ್ನ ಮನಸ್ಸು ಅಂದುಕೊಂಡಿತು. ಇಷ್ಟು ಮಂದಿ ಕೂತಿದ್ದ ವಿಮಾನ ಸೋರಿರಲಿ ಎಂದು ಬೇಡಿಕೊಳ್ಳುವ ಭಕ್ತ ನಾನು.

ನಾವು ಅಲ್ಲಿಗೆ ಬಂದು ಎರಡು ಗಂಟೆ ಕಳೆದಿತ್ತು, ಆಗ ಅಕ್ಕನ ಮಗನ ಫೋನು ಬಂತು. ಈ ಸಲ ಅವನು ಮಂಡಿನೋವು ವಿಚಾರಿಸಲಿಲ್ಲ.

"ಮಾವ, ಅಮ್ಮ ಹೋಗ್ಬಿಟ್ರು. ಈಗಷ್ಟೇ."

ನಾನು ಎಲ್ಲಿದ್ದೇನೆಂದು ಕೇಳಿದ. ದಾರಿಯಲ್ಲಿ ಎಂದೆ. ನಾಳೆ ಮಧ್ಯಾಹ್ನದ ತನಕ ಕಾಯುತ್ತೇವೆ, ಬನ್ನಿ ಎಂದ. ಅವಳ ಬಾಯಿಗೆ ನೀರು ಬಿಟ್ಟವರು ಯಾರು ಎಂದು ಕೇಳಿದೆ. ತಾನೇ ಎಂದ. ಒಳ್ಳೆಯದಾಯಿತಪ್ಪ ಎಂದು ಫೋನು ಇಟ್ಟೆ. ಕಣ್ಣಲ್ಲಿ ನೀರು ಬರಲಿಲ್ಲ. ಪ್ರಾರ್ಥನೆ ಹೇಳಲು ಬಾಯಿ ತೆರೆದೆ. ನಿತ್ಯ ಹೇಳುವ ಸಾಲುಗಳಲ್ಲಿ ಒಂದೂ ಬರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಹಜಾರದಲ್ಲಿ ಗುಜುಗುಜು ಎದ್ದಿತು. ರೆಕ್ಕೆ ಒಣಗಿಯೇ ಇದೆ, ತೊಟ್ಟು ಇಂಧನವೂ ಸೋರಿಲ್ಲ, ಅಳತೆಯ ಕಡ್ಡಿಯೊಂದು ಕೆಟ್ಟು ತಪ್ಪು ತೋರಿಸಿದೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಬಂತು. ಹೊರಗೆ ಕಂಡ ಎಳೆ ಬರೀ ತೇವದ ಗಾಳಿಯಂತೆ. ಆಗ ಚಪ್ಪಾಳೆ ತಟ್ಟಿದ್ದ ಕೈಗಳೇ ಈಗ ಸೊಂಟದ ಮೇಲೆ ಬಂದವು. ಅದೇ ವೇಳೆಗೆ ನನ್ನ ಮಗಳು ಬಾಗಿಲಿನಿಂದ ಒಳಗೆ ಬಂದಳು, ಟೋಪಿ ಕಂಕುಳಲ್ಲಿ, ಜೊತೆಗೆ ಮೇಷ್ಟ್ರು. ಬೇರೆ ವಿಮಾನ ಬರುತ್ತದೆ, ನಾಳೆ ಬೆಳಿಗ್ಗೆ ಹೊರಡುತ್ತದೆ, ರಾತ್ರಿ ಮಲಗುವ ವ್ಯವಸ್ಥೆಯಾಗಿದೆ ಎಂದು ಹೇಳಿದಳು.

ಎಲ್ಲರಿಗಿಂತ ಮುಂದೆ ನಿಂತವನು ನನ್ನ ಮುಂಗೈ ಹಿಡಿದಿದ್ದ ವ್ಯಾಪಾರಿಯೇ. ಅವನ ಗಿರಾಕಿ ಇನ್ನೊಬ್ಬನ ಮಾಲು ಒಪ್ಪಿಕೊಂಡಾಗಿತ್ತಂತೆ.

"ಏನೂ ಆಗದೇ ಇದ್ದದ್ದಕ್ಕೆ ಈ ಕಾಡಿಗೆ ತಂದು ಹಾಕಿದ್ರಲ್ಲಮ್ಮ. ಒಂದು ದೀಪ ಹತ್ತಿದ್ದಕ್ಕೇ ಹೆದರಿಕೊಂಡ್ರೆ ಹೇಗೆ? ಮನೇಲಿ ಒಲೆ ಮುಂದೆ ಹೇಗೆ ನಿಲ್ತೀರಿ?"

ಕೆಲವರು ನಕ್ಕರು. ಮಗಳು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ತೀರ್ಮಾನ ತನ್ನದು, ತೊಂದರೆಗೆ ಕ್ಷಮೆಯಿರಲಿ ಎಂದಳು. ಮೇಷ್ಟ್ರು ಬಾಯಿ ತೆರೆಯಹೋದರೆ ಅವನ ತೋಳನ್ನು ಮುಟ್ಟಿ ತಡೆದಳು. ನನಗೆ ಅದನ್ನು ನೋಡಲಾಗಲಿಲ್ಲ. ಜನರ ನಡುವೆ ತೂರಿಕೊಂಡು ಮುಂದೆ ಹೋದೆ.

"ಎಳೆ ಕಂಡಿತು ಅಂತ ಹೇಳಿದವನು ನಾನು," ಎಂದೆ. "ಬೈಯೋದಿದ್ದರೆ ನನಗೆ ಬೈಯಿರಿ."

ವ್ಯಾಪಾರಿ ನನ್ನ ಕಡೆ ತಿರುಗಿದ. ಸಿಟ್ಟು ಸ್ವಲ್ಪ ಇಳಿಯಿತು, ಬೇಸರ ಉಳಿಯಿತು.

"ಬಿಡಿ ಯಜಮಾನ್ರೇ. ನಿಮಗೇನು, ವಯಸ್ಸಾದವರು, ಇವತ್ತಲ್ಲದಿದ್ರೆ ನಾಳೆ ತಲುಪಿದ್ರಾಯ್ತು. ಅವಸರ ಇರೋದು ನಮ್ಮಂಥೋರಿಗೆ."

ಮೇಷ್ಟ್ರು ನೆಲ ನೋಡಿದ. ನಾನು ಯಾರೆಂಬುದು ಅವನಿಗೆ ಅಷ್ಟು ಹೊತ್ತಿಗೆ ತಿಳಿದಿತ್ತೆಂದು ಕಾಣುತ್ತದೆ. ಮಗಳ ಮುಖ ಮೊದಲ ಸಲ ಬಣ್ಣ ಕಳೆದುಕೊಂಡಿತು. ವ್ಯಾಪಾರಿಗೆ ಏನೋ ಹೇಳಲು ಹೊರಟಳು. ನಾನು ಅವಳ ಮಣಿಕಟ್ಟು ಹಿಡಿದು ಪಕ್ಕಕ್ಕೆ ಕರೆದುಕೊಂಡು ಬಂದೆ. ಅವನಿಗೆ ಗೊತ್ತಿಲ್ಲದ್ದಕ್ಕೆ ಅವನನ್ನು ದಂಡಿಸಿ ಏನು ಬಂತು.

ಮುಚ್ಚಿದ ಅಂಗಡಿಯ ಮುಂದೆ ಕುರ್ಚಿಗಳು ಖಾಲಿ ಇದ್ದವು. ಕೂತೆವು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಅತ್ತೆ?" ಎಂದಳು.

"ಹೋದಳಮ್ಮ."

"ಯಾವಾಗ?"

ಇಲ್ಲಿ ಇನ್ನೊಂದು ಮಾತು ನಾಲಿಗೆಯ ಮೇಲೆ ಬಂದು ಕೂತಿತು. ನಾವು ತಿರುಗುವ ಮೊದಲೇ ಹೋಗಿಬಿಟ್ಟಿದ್ದಳು ಎನ್ನಬಹುದಿತ್ತು. ಮಗಳು ರಾತ್ರಿ ಮಲಗುತ್ತಿದ್ದಳು. ಅಕ್ಕನ ಮಗನಿಗೆ ಮೊದಲೇ ಹೇಳಿಟ್ಟರೆ ಅವನೂ ಹೂಂ ಎನ್ನುತ್ತಿದ್ದ. ಇದು ಮಗಳ ನೋವು ಕಡಿಮೆ ಮಾಡುವ ಮಾತು, ದೇವರೂ ಬೇಡವೆನ್ನಲಾರ ಎಂದು ನನಗೆ ನಾನೇ ವಾದಿಸಿಕೊಂಡೆ. ಅವಳು ಕಾಯುತ್ತಿದ್ದಳು. ಲೆಕ್ಕ ತಾಳೆಯಾಗುತ್ತದೋ ಇಲ್ಲವೋ ನೋಡುವವಳ ಕಣ್ಣು.

"ಈಗ. ನಾವು ಇಲ್ಲಿಗೆ ಬಂದ ಮೇಲೆ."

ಅವಳು ಮನಸ್ಸಿನಲ್ಲೇ ಗಂಟೆ ಕೂಡಿಸುತ್ತಿದ್ದಳೆಂದು ನನಗೆ ಗೊತ್ತಾಯಿತು.

"ನೇರ ಹೋಗಿದ್ದರೆ ಸಿಗ್ತಿದ್ರು."

"ಸಿಗ್ತಿದ್ದಳು."

"ಆ ಸಾಲಿನ ಕಿಟಕಿ ಪಕ್ಕದ ಯಜಮಾನರು ಹೇಳಿದ್ರು ಅಂತ ಮೇಷ್ಟ್ರು ಬಂದು ಹೇಳಿದಾಗಲೇ ನನಗೆ ಗೊತ್ತಾಯ್ತು ಅಪ್ಪ, ಅದು ನೀವು ಅಂತ. ಬೇರೆ ಯಾರಾದ್ರೂ ಆಗಿದ್ರೆ ಇನ್ನೊಂದು ಸಲ ಲೆಕ್ಕ ಹಾಕಿ ನೋಡ್ತಿದ್ದೆನೋ ಏನೋ. ಅತ್ತೆ ಹತ್ತಿರ ಹೋಗಬೇಕಾದ ನೀವೇ ಕಂಡಿತು ಅಂದ ಮೇಲೆ..."

ಅವಳ ತಲೆಯ ಮೇಲೆ ಕೈಯಿಟ್ಟು ಏನಾದರೂ ಒಳ್ಳೆಯ ಮಾತು ಹೇಳಬೇಕಾಗಿತ್ತು. ನೀನು ಸರಿ ಮಾಡಿದೆ ಎನ್ನಬೇಕಾಗಿತ್ತು. ಅದು ನಿಜವೂ ಹೌದು. ಆದರೆ ಆ ನಿಜ ಹೇಳಲು ಆ ಹೊತ್ತಿಗೆ ನನ್ನ ಬಾಯಲ್ಲಿ ಶಕ್ತಿಯಿರಲಿಲ್ಲ. ಕೂತಿರಲು ಆಗಲಿಲ್ಲ, ಎದ್ದೆ. ಹಜಾರದ ಆ ಕೊನೆಯವರೆಗೆ ನಡೆದೆ. ಹಿಂದಿರುಗಿ ನೋಡಿದರೆ ಮಗಳೂ ಎದ್ದು ನನ್ನ ಹಿಂದೆಯೇ ಬರುತ್ತಿದ್ದಳು, ಟೋಪಿಯನ್ನು ಕುರ್ಚಿಯ ಮೇಲೆಯೇ ಬಿಟ್ಟು. ನಾನು ತಿರುಗಿದೆ, ಅವಳೂ ತಿರುಗಿದಳು. ಹೊರಗೆ ಕತ್ತಲಾಗುವವರೆಗೂ ಗಾಜಿನ ಪಕ್ಕದಲ್ಲಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಇಬ್ಬರೂ ನಡೆಯುತ್ತಲೇ ಇದ್ದೆವು.